ಮೈದಾನದಲ್ಲಿ 2–1 ಗೆಲುವು, ಅಂಕಪಟ್ಟಿಯಲ್ಲಿ 0–3 ಸೋಲು: ಇದು ಫಿಕ್ಸಿಂಗಾ?

ಓದುಗರ ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಬೆಂಗಳೂರಿನ ಎ ಡಿವಿಷನ್ ಲೀಗ್‌ನಲ್ಲಿ ಒಂದು ಸಣ್ಣ ಕ್ಲಬ್‌ಗೆ ಮಿಡ್‌ಫೀಲ್ಡರ್ ಆಗಿ ಆಡುತ್ತಾನೆ. ಬೆಳಿಗ್ಗೆ ಡಿಪ್ಲೊಮಾ ಕ್ಲಾಸು, ಮಧ್ಯಾಹ್ನ ಮ್ಯಾಚು. ಈ ಸೀಸನ್‌ನಲ್ಲಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಅವರ ತಂಡ 2–1ರಿಂದ ಗೆದ್ದ ಪಂದ್ಯವನ್ನು ನಾನೇ ಗ್ಯಾಲರಿಯಲ್ಲಿ ಕೂತು ನೋಡಿದ್ದೇನೆ. ಗೆಲುವಿನ ಗೋಲು ಹೊಡೆದವನು ನನ್ನ ಮಗನೇ. ಲೀಗ್‌ನಲ್ಲಿ ಅದು ಅವನ ಮೊದಲ ಗೋಲು. ಮೂರು ವಾರ ಕಳೆದ ಮೇಲೆ ಅದೇ ಪಂದ್ಯ 0–3 ಸೋಲು ಅಂತ ಅಂಕಪಟ್ಟಿಯಲ್ಲಿ ಬಂತು. ಕೊನೆಯ ಸುತ್ತಿನಲ್ಲಿ ನಮ್ಮ ಪಂದ್ಯ ಮುಗಿದ ಮರುದಿನ ಅದೇ ಎದುರಾಳಿ ಕ್ಲಬ್ ಬೇರೊಂದು ತಂಡದ ವಿರುದ್ಧ 9–0ರಿಂದ ಗೆದ್ದು, ಗೋಲು ವ್ಯತ್ಯಾಸದ (ಹೊಡೆದ ಗೋಲಿನಿಂದ ಬಿಟ್ಟ ಗೋಲು ಕಳೆದ ಲೆಕ್ಕ) ಮೇಲೆ ನಮ್ಮನ್ನು ಹಿಂದಿಕ್ಕಿ ಮೇಲಿನ ಡಿವಿಷನ್‌ಗೆ ಬಡ್ತಿ ಪಡೆಯಿತು. ತಂಡದ ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲರೂ ‘ಫಿಕ್ಸಿಂಗ್’ ಅನ್ನುತ್ತಿದ್ದಾರೆ. ಕ್ಲಬ್‌ನಿಂದ ಎರಡು ತಿಂಗಳ ಭತ್ಯೆಯೂ ಬಂದಿಲ್ಲ. ಮಗ ಬೂಟು ಎತ್ತಿಟ್ಟಿದ್ದಾನೆ. ಇದು ಮೋಸವೇ? ಆ ಫಲಿತಾಂಶ ವಾಪಸ್ ಬರುತ್ತದೆಯೇ? ಅವನು ಕ್ಲಬ್ ಬದಲಿಸಬೇಕೇ? ಅವನ ಗೋಲು ಲೆಕ್ಕಕ್ಕೇ ಇಲ್ಲವೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಒಂದೇ ಗಂಟಾಗಿ ಬಿದ್ದಿವೆ. ಗೆದ್ದ ಪಂದ್ಯ ಸೋಲಾಗಿದ್ದು ಒಂದು, 9–0 ಎಂಬ ಅಂಕಿ ಇನ್ನೊಂದು, ಬಾಕಿ ಉಳಿದ ದುಡ್ಡು ಮತ್ತೊಂದು. ಒಂದರ ಸಿಟ್ಟು ಇನ್ನೊಂದರ ಮೇಲೆ ಹರಿದಾಗ ಮೂರೂ ಸೇರಿ ದೊಡ್ಡ ಒಳಸಂಚಿನಂತೆ ಕಾಣುವುದು ಸಹಜ. ರೆಫರಿಯಾಗಿ, ಆಮೇಲೆ ಮ್ಯಾಚ್ ಕಮಿಷನರ್ (ಪಂದ್ಯ ನಿಯಮದಂತೆ ನಡೆಯಿತೇ ಎಂದು ನೋಡಿ ವರದಿ ಕೊಡುವವನು) ಆಗಿ ಕೆಳ ಡಿವಿಷನ್‌ಗಳಲ್ಲೇ ಸುಮಾರು ಇಪ್ಪತ್ತು ವರ್ಷ ಕಳೆದವನು ನಾನು. ಬಿಡಿಸಿ ಹೇಳುತ್ತೇನೆ.

ಮೊದಲು 0–3. ಈ ಅಂಕಿ ನೋಡಿದ ಕೂಡಲೇ ನನ್ನಂಥವರಿಗೆ ಹೊಳೆಯುವುದು ಫಿಕ್ಸಿಂಗ್ ಅಲ್ಲ, ಕಾಗದ. ಫುಟ್‌ಬಾಲ್‌ನಲ್ಲಿ ಒಂದು ತಂಡ ನಿಯಮ ಮುರಿದು ಪಂದ್ಯವನ್ನು ಕಳೆದುಕೊಂಡರೆ ಅದಕ್ಕೆ 3–0 ಸೋಲು ಬರೆಯುವುದು ಫಿಫಾ ಶಿಸ್ತು ಸಂಹಿತೆಯಲ್ಲೇ ಇರುವ ಕ್ರಮ. ಮೈದಾನದಲ್ಲಿ ಅದಕ್ಕಿಂತ ದೊಡ್ಡ ಅಂತರದಲ್ಲಿ ಸೋತಿದ್ದರೆ ಆ ಅಂತರವೇ ಉಳಿಯುತ್ತದೆ. ಯಾರೋ ಪೆನ್ನು ತೆಗೆದುಕೊಂಡು ತೋಚಿದ ಅಂಕಿ ಬರೆದಿದ್ದರೆ 0–1 ಅಂತಲೋ 1–2 ಅಂತಲೋ ಇರುತ್ತಿತ್ತು. ಸರಿಯಾಗಿ 0–3 ಇದೆ ಅಂದರೆ ಎಲ್ಲೋ ಒಂದು ಆದೇಶ ಇದೆ, ಅದರಲ್ಲಿ ಒಂದು ಕಾರಣ ಇದೆ. ಆ ಆದೇಶವನ್ನು ನೀವೂ ನೋಡಿಲ್ಲ, ನಿಮ್ಮ ಮಗನೂ ನೋಡಿಲ್ಲ. ತೊಂದರೆಯ ಬೇರು ಅಲ್ಲಿದೆ.

ಕಾರಣ ಏನಿರಬಹುದು? ನಾನು ಕಂಡದ್ದರಲ್ಲಿ ಹೆಚ್ಚಿನವು ಒಂದೇ ಜಾತಿಯವು: ಆಡಬಾರದ ಆಟಗಾರ ಆಡಿರುತ್ತಾನೆ. ಅಮಾನತಿನಲ್ಲಿರುವವನು, ನೋಂದಣಿ ಮುಗಿಯದವನು, ಹಳೇ ಕ್ಲಬ್‌ನಿಂದ ಬಿಡುಗಡೆ ಆಗದವನು. ಈಗ ದೇಶದಲ್ಲಿ ಆಟಗಾರರ ನೋಂದಣಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಆನ್‌ಲೈನ್ ವ್ಯವಸ್ಥೆಯಲ್ಲಿ, ನಾವೆಲ್ಲ ಸಿಆರ್‌ಎಸ್ ಅಂತ ಕರೆಯುವ ಕಡೆ, ನಡೆಯುತ್ತದೆ. ಅಲ್ಲಿ ಒಪ್ಪಿಗೆ ಸಿಕ್ಕಿ ಹೆಸರು ಹಸಿರಾಗದೆ ಮೈದಾನಕ್ಕೆ ಇಳಿದರೆ ಎಷ್ಟು ಚೆನ್ನಾಗಿ ಆಡಿದರೂ ಉಪಯೋಗವಿಲ್ಲ.

ಸಣ್ಣ ಕ್ಲಬ್‌ನಲ್ಲಿ ಈ ತಪ್ಪು ಹೇಗಾಗುತ್ತದೆ ಅನ್ನುವುದನ್ನು ಒಂದು ಚಿತ್ರದಲ್ಲಿ ಹೇಳುತ್ತೇನೆ. ಕಿಕ್‌ಆಫ್‌ಗೆ ಇನ್ನು ಇಪ್ಪತ್ತೈದು ನಿಮಿಷ. ಸ್ಟೇಡಿಯಂ ಗೇಟಿನ ಪಕ್ಕ ನಿಲ್ಲಿಸಿದ ಸ್ಕೂಟರಿನ ಸೀಟಿನ ಮೇಲೆ ಕಾರ್ಯದರ್ಶಿ ಟೀಮ್ ಲಿಸ್ಟ್ ಬರೆಯುತ್ತಿದ್ದಾನೆ. ಅವನೇ ಜೆರ್ಸಿ ತೊಳೆಸುವವನು, ಅವನೇ ನೀರಿನ ಕ್ಯಾನ್ ತರುವವನು, ಗಾಯವಾದರೆ ಐಸ್ ಹಿಡಿಯುವವನೂ ಅವನೇ. 14ನೇ ನಂಬರಿನ ಹುಡುಗ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದಿದ್ದಾನೆ ಅಂತ ಫೋನ್ ಬರುತ್ತದೆ. ವೈಟ್‌ನರ್ ಹಚ್ಚಿ, ಊದಿ ಒಣಗಿಸಿ, ಅದರ ಮೇಲೆ ಬೇರೊಬ್ಬನ ಹೆಸರು ಬರೆಯುತ್ತಾನೆ. ಆ ಬೇರೊಬ್ಬನಿಗೆ ಹಿಂದಿನ ಪಂದ್ಯದಲ್ಲಿ ಬಿದ್ದ ಹಳದಿ ಕಾರ್ಡು (ಎಚ್ಚರಿಕೆ) ಮೊದಲಿನವುಗಳ ಜೊತೆ ಸೇರಿ ಒಂದು ಪಂದ್ಯದ ಅಮಾನತಿಗೆ ಸಾಕಾಗಿತ್ತು ಅನ್ನುವುದು ಅವನ ತಲೆಯಲ್ಲೇ ಇಲ್ಲ. ಕಾರ್ಡಿನ ಲೆಕ್ಕ ಇಟ್ಟ ಡೈರಿ ಮನೆಯಲ್ಲಿ ಉಳಿದಿದೆ. ಇಂಥ ಲಿಸ್ಟುಗಳನ್ನು ನಾನು ಕೈಯಾರೆ ತೆಗೆದುಕೊಂಡಿದ್ದೇನೆ. ಅವುಗಳ ಹಿಂದೆ ದುರುದ್ದೇಶ ಕಂಡದ್ದು ಬಹಳ ಕಡಿಮೆ, ದಣಿವು ಕಂಡದ್ದು ಹೆಚ್ಚು.

‘ಎದುರಾಳಿಗೆ ಗೊತ್ತಿದ್ದರೆ ಅವತ್ತೇ ಯಾಕೆ ಹೇಳಲಿಲ್ಲ, ಮೂರು ವಾರ ಯಾಕೆ ಬೇಕಾಯಿತು?’ ಅಂತ ನೀವು ಕೇಳಬಹುದು. ಕ್ರಮ ಇರುವುದೇ ಹಾಗೆ. ಎದುರಾಳಿ ಕ್ಲಬ್ ನಿಗದಿತ ಅವಧಿಯೊಳಗೆ ಶುಲ್ಕ ಕಟ್ಟಿ ಲಿಖಿತ ಪ್ರೊಟೆಸ್ಟ್ (ಆಕ್ಷೇಪಣೆ) ಕೊಡಬೇಕು. ರೆಫರಿ ವರದಿ, ಕಮಿಷನರ್ ವರದಿ, ನೋಂದಣಿ ದಾಖಲೆ ಒಂದೆಡೆ ಸೇರಬೇಕು. ಶಿಸ್ತು ಸಮಿತಿ ಕೂರಬೇಕು. ಆ ಸಮಿತಿಯಲ್ಲಿ ಇರುವವರಿಗೂ ಬೇರೆ ಉದ್ಯೋಗವಿದೆ. ಅಷ್ಟರವರೆಗೆ ಪಟ್ಟಿಯಲ್ಲಿ 2–1 ಹಾಗೇ ಇರುತ್ತದೆ, ಒಂದು ದಿನ ಇದ್ದಕ್ಕಿದ್ದಂತೆ ಬದಲಾಗುತ್ತದೆ. ಪಟ್ಟಿಯ ಪಕ್ಕ ಒಂದು ಸಾಲಿನ ವಿವರಣೆ ಹಾಕಿದ್ದರೆ ನೂರಾರು ಮನೆಗಳಲ್ಲಿ ಈ ಅನುಮಾನ ಹುಟ್ಟುತ್ತಿರಲಿಲ್ಲ. ಅದನ್ನು ಹಾಕದಿರುವುದು ನಮ್ಮ ವ್ಯವಸ್ಥೆಯ ದೋಷ, ಅದನ್ನು ನಾನು ಸಮರ್ಥಿಸುವುದಿಲ್ಲ.

ಇದು ಕೆಳ ಡಿವಿಷನ್ ಹುಡುಗರಿಗೆ ಮಾತ್ರ ಬರುವ ಕಷ್ಟ ಅಂದುಕೊಳ್ಳಬೇಡಿ. ದೇಶದ ಎರಡನೇ ಹಂತದ ಲೀಗ್ ಆದ ಐ–ಲೀಗ್‌ನ 2024–25ರ ಚಾಂಪಿಯನ್ ಯಾರು ಅನ್ನುವುದೇ ಇಂಥ ಒಂದು ಕಾಗದದ ಮೇಲೆ ನಿಂತಿತ್ತು. 2025ರ ಜನವರಿಯಲ್ಲಿ ನಾಮಧಾರಿ ತಂಡ ಇಂಟರ್ ಕಾಶಿಯನ್ನು 2–0ರಿಂದ ಸೋಲಿಸಿತು. ನಾಮಧಾರಿಯ ಒಬ್ಬ ಆಟಗಾರನಿಗೆ ಅದಾಗಲೇ ನಾಲ್ಕು ಹಳದಿ ಕಾರ್ಡ್ ಆಗಿದ್ದವು, ಅವನು ಆಡುವಂತಿರಲಿಲ್ಲ ಎಂದು ಕಾಶಿ ದೂರು ಕೊಟ್ಟಿತು. ಶಿಸ್ತು ಸಮಿತಿ ಕಾಶಿಗೆ 3–0 ಗೆಲುವು ಕೊಟ್ಟಿತು, ಮೇಲ್ಮನವಿ ಸಮಿತಿ ಅದನ್ನು ರದ್ದು ಮಾಡಿತು. ಏಪ್ರಿಲ್‌ನಲ್ಲಿ 40 ಅಂಕಗಳ ಚರ್ಚಿಲ್ ಬ್ರದರ್ಸ್ ಚಾಂಪಿಯನ್ ಎಂದು ಘೋಷಣೆಯಾಯಿತು, ಕಾಶಿಯ ಹತ್ತಿರ ಇದ್ದದ್ದು 39. ಕೊನೆಗೆ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿರುವ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ ಕಾಶಿಯ ವಾದ ಒಪ್ಪಿತು, ಜುಲೈನಲ್ಲಿ ಕಾಶಿಯೇ ಚಾಂಪಿಯನ್ ಎಂದಿತು. ವಕೀಲರು, ಮ್ಯಾನೇಜರುಗಳು, ಕಂಪ್ಯೂಟರ್ ಎಲ್ಲ ಇರುವ ಕ್ಲಬ್‌ಗಳೇ ನಾಲ್ಕು ಹಳದಿ ಕಾರ್ಡಿನ ಲೆಕ್ಕದಲ್ಲಿ ಆರು ತಿಂಗಳು ಗುದ್ದಾಡಿದವು. ಸ್ಕೂಟರ್ ಸೀಟಿನ ಮೇಲೆ ಬರೆದ ಲಿಸ್ಟಿನಲ್ಲಿ ತಪ್ಪು ನುಸುಳುವುದು ಎಷ್ಟು ಸುಲಭ, ನೀವೇ ಯೋಚಿಸಿ.

ಯಾರೂ ತಪ್ಪು ಮಾಡದೆಯೂ ಗೆಲುವು ಅಳಿಸಿಹೋಗುವುದುಂಟು. ಸೀಸನ್ ಮಧ್ಯೆ ಒಂದು ತಂಡ ಹಿಂದೆ ಸರಿದರೆ ಅದರ ವಿರುದ್ಧದ ಫಲಿತಾಂಶಗಳನ್ನೆಲ್ಲ ಹೊಡೆದುಹಾಕುವ ನಿಯಮ ಅನೇಕ ಲೀಗ್‌ಗಳಲ್ಲಿದೆ. 2020ರಲ್ಲಿ ಕೊರೊನಾ ಬಂದಾಗ ಇಂಗ್ಲೆಂಡಿನ ಕೆಳ ಹಂತದ ಲೀಗ್‌ಗಳ ಇಡೀ ಸೀಸನ್ನನ್ನೇ ಅಳಿಸಿದರು. ಆಡಿದ 27 ಪಂದ್ಯಗಳಲ್ಲಿ 27ನ್ನೂ ಗೆದ್ದಿದ್ದ ಜರ್ಸಿ ಬುಲ್ಸ್ ಎಂಬ ಕ್ಲಬ್‌ಗೆ ಆ ವರ್ಷ ಬಡ್ತಿಯೂ ಸಿಗಲಿಲ್ಲ, ಅಂಕವೂ ಉಳಿಯಲಿಲ್ಲ.

ಈಗ 9–0ಕ್ಕೆ ಬರುತ್ತೇನೆ. ಇಲ್ಲಿ ನಾನು ನಿಮ್ಮ ಅನುಮಾನವನ್ನು ಪೂರ್ತಿ ತಳ್ಳಿಹಾಕುವುದಿಲ್ಲ.

ಬಡ್ತಿಗಾಗಿ ಗೋಲುಗಳ ರಾಶಿ ಹಾಕಿದ ಉದಾಹರಣೆಗಳು ನಮ್ಮ ಪಕ್ಕದಲ್ಲೇ ಇವೆ. 2004ರಲ್ಲಿ ಗೋವಾದ ಎರಡನೇ ಡಿವಿಷನ್‌ನಲ್ಲಿ ಬಡ್ತಿಗೆ ಗೋಲು ವ್ಯತ್ಯಾಸ ಬೇಕಾದಾಗ ಒಂದು ಪಂದ್ಯ 55–1, ಇನ್ನೊಂದು 61–1ರಲ್ಲಿ ಮುಗಿದವು. ಗೋವಾ ಫುಟ್‌ಬಾಲ್ ಸಂಸ್ಥೆ ನಾಲ್ಕೂ ಕ್ಲಬ್‌ಗಳನ್ನು ಒಂದು ವರ್ಷ ಅಮಾನತು ಮಾಡಿತು. 2022ರಲ್ಲಿ ಸಿಯೆರಾ ಲಿಯೋನ್‌ನ ಎರಡನೇ ಹಂತದ ಬಡ್ತಿ ಪಂದ್ಯಗಳು 95–0, 91–1 ಆದವು. 95–0 ಆದ ಪಂದ್ಯದಲ್ಲಿ ವಿರಾಮದ ಹೊತ್ತಿಗೆ ಸ್ಕೋರು ಇದ್ದದ್ದು ಬರೀ 2–0. ಎರಡನೇ ಅರ್ಧದಲ್ಲಿ 93 ಗೋಲು. ಅಲ್ಲಿನ ಫೆಡರೇಷನ್ ಎರಡೂ ಫಲಿತಾಂಶಗಳನ್ನು ರದ್ದು ಮಾಡಿತು.

ಆದರೆ 9–0 ಆ ಸಾಲಿಗೆ ತಾನಾಗಿಯೇ ಸೇರುವುದಿಲ್ಲ. ನಮ್ಮ ಲೀಗ್‌ಗಳ ಕೊನೆಯ ಸುತ್ತಿನ ಸ್ಥಿತಿ ನಿಮಗೆ ಗೊತ್ತಿರಬೇಕು. ಬಡ್ತಿಯೂ ಇಲ್ಲ, ಹಿಂಬಡ್ತಿಯೂ ಇಲ್ಲ ಅನ್ನುವ ನಡುಮಟ್ಟದ ತಂಡದಲ್ಲಿ ಅಷ್ಟೊತ್ತಿಗೆ ಅರ್ಧ ಜನ ಇರುವುದಿಲ್ಲ. ಒಬ್ಬನಿಗೆ ಸೆಮಿಸ್ಟರ್ ಪರೀಕ್ಷೆ, ಒಬ್ಬನಿಗೆ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟು, ಇಬ್ಬರು ಕೇರಳದ ಮಲಬಾರಿನಲ್ಲಿ ಏಳು ಜನರ ತಂಡಗಳು ಆಡುವ ಸೆವೆನ್ಸ್ ಟೂರ್ನಿಗೆ ಹೋಗಿಬಿಟ್ಟಿದ್ದಾರೆ, ಅಲ್ಲಿ ಪಂದ್ಯ ಮುಗಿದ ರಾತ್ರಿಯೇ ಕೈಗೆ ದುಡ್ಡು. ಆದರೂ ನಮ್ಮ ಲೀಗ್‌ನಲ್ಲಿ ತಂಡಕ್ಕೆ ಏಳು ಜನ ಇದ್ದರೆ ಸಾಕು, ಪಂದ್ಯ ನಡೆಯುತ್ತದೆ. ಏಳಕ್ಕಿಂತ ಕಡಿಮೆಯಾದರೆ ಮಾತ್ರ ನಿಲ್ಲಬೇಕು ಅನ್ನುವುದು ಆಟದ ನಿಯಮ. ಎಂಟು ಜನ, ಅದರಲ್ಲಿ ಗೋಲ್‌ಕೀಪರ್ ಜೆರ್ಸಿ ಹಾಕಿಕೊಂಡ ಒಬ್ಬ ಡಿಫೆಂಡರ್, ಎದುರಿಗೆ ಬಡ್ತಿಯ ಹಸಿವಿನಲ್ಲಿರುವ ಹನ್ನೊಂದು ಜನ. ಅಂಥ ಪಂದ್ಯದಲ್ಲಿ ಸೀಟಿ ಊದಿದ್ದೇನೆ. ಎಪ್ಪತ್ತನೇ ನಿಮಿಷದ ಹೊತ್ತಿಗೆ ಆ ಎಂಟು ಜನರಿಗೆ ಕಾಲು ಎತ್ತಲಾಗುತ್ತಿರಲಿಲ್ಲ, ಒಬ್ಬ ಹುಡುಗ ಕಾರ್ನರ್ ಫ್ಲ್ಯಾಗ್ ಹತ್ತಿರ ಕೂತು ವಾಂತಿ ಮಾಡಿಕೊಂಡ. ಮರುದಿನ ಅಂಕಿ ಮಾತ್ರ ಓದಿದವರು ಅವರನ್ನು ಕಳ್ಳರು ಅಂದರು.

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯ ಪದ, ನನ್ನ ಪ್ರಕಾರ, ‘ಮರುದಿನ’. ನಿಮ್ಮ ಪಂದ್ಯ ಮುಗಿದ ಮರುದಿನ ಅವರು ಆಡಿದರು. ಎಷ್ಟು ಗೋಲು ಬೇಕು ಅನ್ನುವುದು ಅವರಿಗೆ ಲೆಕ್ಕ ಹಾಕಿ ಗೊತ್ತಿತ್ತು. 1982ರ ವಿಶ್ವಕಪ್‌ನಲ್ಲಿ ಇದೇ ಆಯಿತು. ಆಲ್ಜೀರಿಯಾ ತನ್ನ ಕೊನೆಯ ಪಂದ್ಯ ಆಡಿ ಮುಗಿಸಿದ ಮರುದಿನ ಸ್ಪೇನಿನ ಹಿಹೋನ್‌ನಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾ ಆಡಿದವು. ಜರ್ಮನಿ 1–0ರಿಂದ ಗೆದ್ದರೆ ಇಬ್ಬರಿಗೂ ಮುಂದಿನ ಸುತ್ತು. ಗೋಲು ಬೇಗನೇ ಬಂತು, ಉಳಿದ ಹೊತ್ತೆಲ್ಲ ಚೆಂಡು ಹಿಂದೆ ಮುಂದೆ ಉರುಳಿತು, ಆಲ್ಜೀರಿಯಾ ಮನೆಗೆ ಹೋಯಿತು. ಆ ಪಂದ್ಯದ ಬಳಿಕ ಗುಂಪಿನ ಕೊನೆಯ ಪಂದ್ಯಗಳನ್ನು ಒಂದೇ ಹೊತ್ತಿಗೆ ಆರಂಭಿಸುವ ಪದ್ಧತಿ ಬಂತು. ಒಂದೇ ಟರ್ಫ್ ಮೇಲೆ ಸಾಲಾಗಿ ಪಂದ್ಯ ಆಡಿಸುವ ಲೀಗ್‌ಗೆ ಇದು ಕಷ್ಟ. ಎರಡು ಮೈದಾನ ಬೇಕು, ಎರಡು ತಂಡ ರೆಫರಿಗಳು ಬೇಕು, ಎರಡು ಆಂಬುಲೆನ್ಸ್ ಬೇಕು. ಆದರೂ ಕೊನೆಯ ಸುತ್ತಿಗಾದರೂ ಇದನ್ನು ಮಾಡಲೇಬೇಕು ಅನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ನೀವು ದೂರು ಕೊಡುವುದಾದರೆ ಈ ವಿಷಯದ ಮೇಲೆ ಕೊಡಿ. ಯಾರನ್ನೂ ಕಳ್ಳ ಅನ್ನದೆಯೇ ಇದನ್ನು ಕೇಳಬಹುದು, ಮುಂದಿನ ಸೀಸನ್‌ಗೆ ಉಪಯೋಗವೂ ಆಗುತ್ತದೆ.

ಹಾಗಾದರೆ ನಿಜವಾದ ಫಿಕ್ಸಿಂಗ್ ಹೇಗಿರುತ್ತದೆ? ಅಂಕಿಯಲ್ಲಿ ಅದು ಕಾಣುವುದು ಅಪರೂಪ, ಆಡುವ ರೀತಿಯಲ್ಲಿ ಕಾಣುತ್ತದೆ. ಒತ್ತಡವೇ ಇಲ್ಲದ ಡಿಫೆಂಡರ್ ತನ್ನದೇ ಗೋಲಿಗೆ ಚೆಂಡು ತಳ್ಳುವುದು, ಕೀಪರ್ ಪಕ್ಕಕ್ಕೆ ಸರಿದು ನಿಲ್ಲುವುದು. 2024ರ ಫೆಬ್ರವರಿಯಲ್ಲಿ ದೆಹಲಿ ಲೀಗ್‌ನ ಒಂದು ಪಂದ್ಯದ ಇಂಥದ್ದೇ ವಿಡಿಯೊ ದೇಶವೆಲ್ಲ ಓಡಾಡಿ, ತನಿಖೆಗೆ ಹೋಯಿತು. ಅದಕ್ಕೂ ಮುಂಚೆ, 2023ರ ಕೊನೆಯಲ್ಲಿ, ಐ–ಲೀಗ್ ಆಟಗಾರರನ್ನೇ ಕೆಲವರು ಸಂಪರ್ಕಿಸಿದ್ದರು ಎಂದು ಫೆಡರೇಷನ್ ಅಧ್ಯಕ್ಷರೇ ಹೇಳಿದ್ದರು. ಕೆಳ ಹಂತದ ಪಂದ್ಯಗಳ ಮೇಲೂ ಹೊರದೇಶದ ಬೆಟ್ಟಿಂಗ್ ತಾಣಗಳಲ್ಲಿ ದುಡ್ಡು ಓಡುತ್ತದೆ. ಗ್ಯಾಲರಿಯಲ್ಲಿ ಯಾವ ತಂಡಕ್ಕೂ ಕೂಗದೆ, ಪ್ರತಿ ಕಾರ್ನರ್‌ಗೂ ಫೋನಿನಲ್ಲಿ ಏನೋ ಒತ್ತುತ್ತಾ ಒಂಟಿಯಾಗಿ ಕೂರುವವರನ್ನು ಮ್ಯಾಚ್ ಕಮಿಷನರ್‌ಗಳು ಗಮನಿಸುವುದು ಇದಕ್ಕೇ.

ನಿಮ್ಮ ಮೂರನೇ ಸಂಗತಿ, ಬಾಕಿ ಭತ್ಯೆ, ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಈ ಕಾರಣಕ್ಕೆ. ಆಟಗಾರರ ಅಂತರರಾಷ್ಟ್ರೀಯ ಸಂಘ ಫಿಫ್‌ಪ್ರೊ 2012ರಲ್ಲಿ ಪೂರ್ವ ಯುರೋಪಿನಲ್ಲಿ ಸಮೀಕ್ಷೆ ಮಾಡಿದಾಗ, ಫಿಕ್ಸಿಂಗ್‌ಗೆ ಆಮಿಷ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸಂಬಳ ಸಮಯಕ್ಕೆ ಸಿಗುತ್ತಿರಲಿಲ್ಲ. ದಲ್ಲಾಳಿ ಹುಡುಕುವುದೇ ಅಂಥ ತಂಡವನ್ನು. ಅವನು ಮೊದಲ ದಿನ ‘ಪಂದ್ಯ ಸೋಲು’ ಅನ್ನುವುದಿಲ್ಲ. ಒಂದು ಜೊತೆ ಬೂಟು ಕೊಡಿಸುತ್ತಾನೆ, ಊಟಕ್ಕೆ ಕರೆಯುತ್ತಾನೆ, ನಾಳೆ ಯಾರು ಆಡುತ್ತಿಲ್ಲ ಅಂತ ಸುಮ್ಮನೆ ಕೇಳುತ್ತಾನೆ. ಮಗನ ಹತ್ತಿರ ಇವತ್ತೇ ಈ ಮಾತು ಆಡಿ. ಯಾರಾದರೂ ಹಾಗೆ ಕೇಳಿದ್ದರೆ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ರಾಜ್ಯ ಸಂಸ್ಥೆಗೂ ಫೆಡರೇಷನ್‌ಗೂ ಬರೆದು ತಿಳಿಸಬೇಕು. ಫಿಫಾ ಸಂಹಿತೆಯಲ್ಲಿ ಆಮಿಷ ಒಪ್ಪುವುದಷ್ಟೇ ಅಲ್ಲ, ಆಮಿಷ ಬಂದದ್ದನ್ನು ಮುಚ್ಚಿಡುವುದೂ ಅಪರಾಧ. ಮುಚ್ಚಿಟ್ಟರೆ ಕನಿಷ್ಠ ಎರಡು ವರ್ಷ, ಫಿಕ್ಸಿಂಗ್‌ನಲ್ಲಿ ಪಾಲ್ಗೊಂಡರೆ ಕನಿಷ್ಠ ಐದು ವರ್ಷ ನಿಷೇಧ. ಹತ್ತೊಂಬತ್ತರ ಹುಡುಗನಿಗೆ ಎರಡೂ ಬಹಳ ದೊಡ್ಡವು.

ಇನ್ನು ಏನು ಮಾಡಬಹುದು ಅನ್ನುವುದು. ಆದೇಶದ ಪ್ರತಿಯಿಂದ ಶುರು ಮಾಡಿ. ಪ್ರೊಟೆಸ್ಟ್ ಆಗಲಿ ಮೇಲ್ಮನವಿ ಆಗಲಿ ಕ್ಲಬ್ ಮಾತ್ರ ಹಾಕಬಹುದು, ಪೋಷಕರಿಗೆ ಆ ಹಕ್ಕಿಲ್ಲ. ಆದ್ದರಿಂದ ಕಾರ್ಯದರ್ಶಿಯ ಹತ್ತಿರ ಎರಡು ಕಾಗದ ಕೇಳಿ: ಶಿಸ್ತು ಸಮಿತಿಯ ಆದೇಶ, ಈ ಸೀಸನ್‌ನ ಸ್ಪರ್ಧಾ ನಿಯಮಾವಳಿ. ಮೇಲ್ಮನವಿಯ ಅವಧಿ ಮುಗಿದಿದೆಯೇ, ಅಂಕ ಸಮವಾದಾಗ ಗೋಲು ವ್ಯತ್ಯಾಸ ಮೊದಲೋ ಪರಸ್ಪರ ಪಂದ್ಯದ ಫಲಿತಾಂಶ ಮೊದಲೋ ಅನ್ನುವುದೆಲ್ಲ ನಿಯಮಾವಳಿಯಲ್ಲಿರುತ್ತದೆ. ಪರಸ್ಪರ ಪಂದ್ಯವೇ ಮೊದಲಾದರೆ ಆ ಒಂಬತ್ತು ಗೋಲಿಗೆ ಬೆಲೆಯೇ ಇಲ್ಲ, ಆದರೆ 0–3 ಆದೇಶ ನಿಂತಿರುವವರೆಗೆ ಆ ಲೆಕ್ಕವೂ ಅವರ ಪರವೇ. ಆದೇಶದಲ್ಲೇ ತಪ್ಪಿದ್ದರೆ ಕ್ಲಬ್‌ಗೆ ಒಂದು ಗಟ್ಟಿ ವಾದ ಸಿಗುತ್ತದೆ. ಆದರೆ ಮೇಲ್ಮನವಿಗೂ ಅಪಾಯ ಇದೆ. ಕಟ್ಟಿದ ಶುಲ್ಕ ಹೋಗಬಹುದು. ಇನ್ನೊಂದು, ಫೈಲು ಬಿಚ್ಚಿದರೆ ಬೇರೆ ಪಂದ್ಯದ ತಪ್ಪೂ ಹೊರಬರಬಹುದು. ಹಾಗೆ ಮೂರು ಅಂಕ ಉಳಿಸಿಕೊಳ್ಳಲು ಹೋಗಿ ಆರು ಕಳೆದುಕೊಂಡ ಕ್ಲಬ್ ಒಂದನ್ನು ಕಂಡಿದ್ದೇನೆ. ಲೋಸಾನ್‌ವರೆಗೆ ಹೋಗುವ ಮಾತು ಎ ಡಿವಿಷನ್ ಕ್ಲಬ್‌ನ ಜೇಬಿಗೆ ಒಗ್ಗುವುದಿಲ್ಲ.

ಫೇಸ್‌ಬುಕ್ಕಿನಲ್ಲಿ ‘ಫಿಕ್ಸ್’ ಅಂತ ಬರೆಯಬೇಡಿ, ಮಗನಿಗೂ ಬಿಡಬೇಡಿ. ಪುರಾವೆಯಿಲ್ಲದೆ ಹೆಸರು ಹಿಡಿದು ಬರೆದರೆ ಶಿಸ್ತು ಕ್ರಮ ಬರುವುದು ಅವನ ಮೇಲೆ, ಕ್ಲಬ್ ಆ ಹೊತ್ತಿಗೆ ಸುಮ್ಮನಿರುತ್ತದೆ.

ದುಡ್ಡಿನ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಫಿಫಾ ಪ್ರಕಾರ ಲಿಖಿತ ಒಪ್ಪಂದ ಇದ್ದು, ಆಟಕ್ಕೆ ತಗಲುವ ಖರ್ಚಿಗಿಂತ ಹೆಚ್ಚು ಹಣ ಪಡೆಯುವವನು ವೃತ್ತಿಪರ, ಉಳಿದವರೆಲ್ಲ ಹವ್ಯಾಸಿಗಳು. ‘ಸೆಮಿ–ಪ್ರೊಫೆಷನಲ್’ ಅನ್ನುವುದು ನಾವು ಬಾಯಲ್ಲಿ ಹೇಳುವ ಪದ, ನೋಂದಣಿಯಲ್ಲಿ ಅಂಥ ಖಾನೆ ಇಲ್ಲ. ನಿಮ್ಮ ಮಗ ಬಸ್ ಚಾರ್ಜು, ಊಟದ ದುಡ್ಡು ತೆಗೆದುಕೊಂಡು ಆಡುವವನಾದ್ದರಿಂದ ಬಹುಶಃ ಹವ್ಯಾಸಿ ಎಂದೇ ದಾಖಲಾಗಿರುತ್ತಾನೆ. ಇದರಿಂದ ಒಂದು ಅನುಕೂಲ, ಸೀಸನ್ ಮುಗಿದ ಮೇಲೆ ಬೇರೆ ಕ್ಲಬ್‌ಗೆ ಹೋಗುವುದು ಸುಲಭ. ಒಂದು ಅನನುಕೂಲ, ಬಾಕಿ ವಸೂಲಿಗೆ ಕೈಯಲ್ಲಿ ಕಾಗದ ಇಲ್ಲ. ಹಾಗಂತ ಬಿಡಬೇಡಿ. ಎಷ್ಟು ತಿಂಗಳು, ಎಷ್ಟು ರೂಪಾಯಿ ಎಂದು ಬರೆದು ಕಾರ್ಯದರ್ಶಿಗೆ ಕೊಟ್ಟು ಸಹಿ ಹಾಕಿಸಿಕೊಳ್ಳಿ. ತಂಡದ ನಾಲ್ಕೈದು ಹುಡುಗರು ಒಟ್ಟಿಗೆ ಕೇಳಿದರೆ ಹೆಚ್ಚಿನ ಕ್ಲಬ್‌ಗಳು ಕೊಡುತ್ತವೆ. ಮುಂದಿನ ಕ್ಲಬ್‌ಗೆ ಸಹಿ ಹಾಕುವ ಮುನ್ನ ಭತ್ಯೆಯ ಮೊತ್ತ ಒಂದು ಚೀಟಿಯಲ್ಲಾದರೂ ಇರಲಿ.

ಕ್ಲಬ್ ಬದಲಿಸಬೇಕೇ? ಬದಲಿಸಬಹುದು, ಆದರೆ ಸಿಟ್ಟಿನಲ್ಲಿ ಬೇಡ. ವರ್ಗಾವಣೆ ಕಿಟಕಿ (ಕ್ಲಬ್ ಬದಲಿಸಲು ಅವಕಾಶವಿರುವ ಅವಧಿ) ಮುಚ್ಚಿದ ಮೇಲೆ ಹಳೇ ಕ್ಲಬ್ ಬಿಟ್ಟರೆ ಇಡೀ ಅವಧಿ ಬೆಂಚಿನ ಮೇಲೂ ಜಾಗವಿಲ್ಲ. ಹೊಸ ಕ್ಲಬ್ ನೋಡುವಾಗ ಜೆರ್ಸಿಯ ಬಣ್ಣ, ಕೋಚ್‌ನ ಹೆಸರು ನೋಡುವ ಮುಂಚೆ ಕಾರ್ಡುಗಳ ಲೆಕ್ಕ ಯಾರು ಇಡುತ್ತಾರೆ ಅಂತ ಕೇಳಿ. ಆ ಪ್ರಶ್ನೆಗೆ ತಕ್ಷಣ ಒಬ್ಬರ ಹೆಸರು ಹೇಳುವ ಕ್ಲಬ್ ಒಳ್ಳೆಯದು.

ಬೂಟು ಎತ್ತಿಟ್ಟಿದ್ದಾನೆ ಅಂದಿರಲ್ಲ, ಆ ಸಾಲು ನನಗೆ ನೋವು ಕೊಟ್ಟಿತು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ತಂದಿತು. ಆ ತಂಡ ಕಟ್ಟಿದ್ದು ಇದೇ ಬೆಂಗಳೂರಿನ ಲೀಗ್ ಮೈದಾನಗಳಲ್ಲಿ ಕಂಡ ಹುಡುಗರಿಂದ. ಆಯ್ಕೆದಾರರು ಗ್ಯಾಲರಿಯಲ್ಲಿ ಕೂತು ನೋಡುವುದು ಹುಡುಗ ಮೊದಲ ಟಚ್ ಹೇಗೆ ತೆಗೆದುಕೊಂಡ, ಚೆಂಡು ಕಳೆದುಕೊಂಡಾಗ ಹಿಂದೆ ಓಡಿದನೋ ಇಲ್ಲವೋ ಅನ್ನುವುದನ್ನು. ಆ ಪಂದ್ಯಕ್ಕೆ ಸಮಿತಿ ಆಮೇಲೆ 0–3 ಬರೆಯಿತೋ 2–1 ಉಳಿಸಿತೋ ಅವರ ನೋಟ್‌ಬುಕ್ಕಿನಲ್ಲಿ ಇರುವುದಿಲ್ಲ. ಪ್ರತಿ ಪಂದ್ಯದ ತಾರೀಖು, ಎಷ್ಟು ನಿಮಿಷ ಆಡಿದ, ಸಿಕ್ಕರೆ ಒಂದು ವಿಡಿಯೊ ತುಣುಕು, ಇಷ್ಟನ್ನು ಅವನೇ ಒಂದು ಡೈರಿಯಲ್ಲಿ ಇಟ್ಟುಕೊಳ್ಳಲಿ. ತನ್ನ ಹಳದಿ ಕಾರ್ಡುಗಳ ಲೆಕ್ಕವನ್ನೂ ಅದರಲ್ಲೇ ಬರೆಯಲಿ. ಸೋಲು ಎಂದು ಘೋಷಿಸಿದ ಪಂದ್ಯದ ಕಾರ್ಡುಗಳೂ ಸಾಮಾನ್ಯವಾಗಿ ಲೆಕ್ಕದಲ್ಲಿ ಉಳಿಯುತ್ತವೆ.

ಕೊನೆಗೆ ಅವನ ಗೋಲು. ಅಂಕಪಟ್ಟಿಗೆ ಅದು ಈಗ ಇಲ್ಲ, ನಿಜ. ಆದರೆ ಅದು ಗೋಲು ಅಲ್ಲ ಎಂದು ಯಾರೂ ಹೇಳಿಲ್ಲ. ಗೋಲು ಆಯಿತೋ ಇಲ್ಲವೋ ಅನ್ನುವುದರಲ್ಲಿ ರೆಫರಿಯ ತೀರ್ಮಾನವೇ ಅಂತಿಮ. ಸಮಿತಿ ನೋಡಿದ್ದು ಬಹುಶಃ ಯಾವುದೋ ಆಟಗಾರನ ಕಾಗದವನ್ನು. ಅವತ್ತು ಪಂದ್ಯ ಮುಗಿದ ಮೇಲೆ ಡ್ರೆಸಿಂಗ್ ರೂಮಿನಲ್ಲಿ ಕೂತು ರೆಫರಿ ತುಂಬಿದ ವರದಿಯಲ್ಲಿ ಗೋಲಿನ ನಿಮಿಷ, ಹೊಡೆದವನ ಜೆರ್ಸಿ ನಂಬರು, ಹೆಸರು ಇರುತ್ತವೆ. ಸಮಿತಿಯ ಆದೇಶವನ್ನು ಆ ಹಾಳೆಯ ಮೇಲೆ ಪಿನ್ ಮಾಡುತ್ತಾರೆ, ಹಾಳೆಯನ್ನು ತಿದ್ದುವುದಿಲ್ಲ. ಕಾರ್ಯದರ್ಶಿಯ ಹತ್ತಿರ ಆದೇಶದ ಪ್ರತಿ ಕೇಳಲು ಹೋದಾಗ ಅದರ ಪ್ರತಿಯನ್ನೂ ತರಿಸಿಕೊಡಲು ಕೇಳಿ, ಮಗನ ಕೈಗೆ ಕೊಡಿ.